1802ರಲ್ಲಿ ಕೋಲಾರದ ಕಡೆ ಬಂದ ಸರ್ವೇ ಹುಡುಗನ ಡೈರಿ ಬರೆಯೋದು ಹೆಂಗೆ

ನಮ್ಮಕ್ಕನ ಮಗ ಒಂಬತ್ತನೇ ಕ್ಲಾಸು. ಹೋದ ವರ್ಷ ಸ್ಕೂಲಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ರು, ಯಾರಾದ್ರೂ ಹಳೇ ಕಾಲದ ಅನ್ವೇಷಕನ ಡೈರಿ ಬರ್ಕೊಂಡು ಬನ್ನಿ ಅಂತ. ಇವನು "20 ಮೇ 1498. ಇಂದು ನಾನು ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದೆನು. ನನಗೆ ಬಹಳ ಸಂತೋಷವಾಯಿತು" ಅಂತ ಬರೆದು, ಕೆಳಗೆ ಒಂದು ಹಡಗು ಬಿಡಿಸಿ, ಮಾವ ಹೆಂಗಿದೆ ಅಂತ ತಂದು ತೋರಿಸ್ದ. ಹಡಗು ಚೆನ್ನಾಗಿತ್ತು. ಇನ್ನೊಂದು ಪೇಜ್ ಬರಿ ಅಂದ್ರೆ ಮುಖ ಸಣ್ಣಗಾಯ್ತು, ಆಮೇಲೆ ಏನ್ ಬರೀಲಿ, ಕಂಡುಹಿಡಿದಾಯ್ತಲ್ಲ ಅಂದ. ಅವನು ಹೇಳಿದ್ದೂ ಸರೀನೇ, ಎಲ್ಲಾ ಗೊತ್ತಿದ್ದೋನು ಡೈರಿ ಬರೆದ್ರೆ ಒಂದೇ ದಿನಕ್ಕೆ ಮುಗಿದೋಗುತ್ತೆ.

ಆಮೇಲೆ ನಾವಿಬ್ರೂ ಕೂತು ಹೊಸದಾಗಿ ಒಂದು ಡೈರಿ ಶುರು ಮಾಡಿದ್ವಿ, ಅವನದ್ದು ಸ್ಕೂಲಿಗೆ ನಾಕು ಪೇಜಿಗೆ ಮುಗೀತು, ನನಗೆ ಹುಚ್ಚು ಹಿಡ್ದು ಇವತ್ತಿಗೂ ಬರೀತಾನೇ ಇದ್ದೀನಿ. ಅದ್ರಲ್ಲಿ ಎಡವಿ ಎಡವಿ ಕಲ್ತಿದ್ದನ್ನ ಇಲ್ಲಿ ಹೇಳ್ತೀನಿ, ಮೇಷ್ಟ್ರುಗಳಿಗೂ ಮಕ್ಕಳಿಗೂ ಉಪಯೋಗ ಆಗ್ಬೋದು, ನಮ್ಮ ಥರ ಸುಮ್ನೆ ಬರೆಯೋರಿಗೂ.

ಮೊದಲು ಆಳನ್ನ ಆರಿಸ್ಕೊಳ್ಳೋದು. ಕೊಲಂಬಸ್, ಗಾಮ, ಮಾರ್ಕೊ ಪೋಲೊ ಬೇಡ್ವೇ ಬೇಡ. ಅವರ ಸಮುದ್ರ ನೀವು ನೋಡಿಲ್ಲ, ಅವರ ಹಡಗಿನ ಹಗ್ಗ ಮುಟ್ಟಿಲ್ಲ. ನೀವು ದಿನಾ ನಡೆಯೋ ಮಣ್ಣಲ್ಲೇ ನಡೆದುಹೋದೋರು ಬೇಕಾದಷ್ಟು ಜನ ಇದ್ದಾರೆ. ತುಮಕೂರು ಕಡೆಯೋರಾದ್ರೆ ಫ್ರಾನ್ಸಿಸ್ ಬುಕಾನನ್ ಸಿಗ್ತಾನೆ, ಸ್ಕಾಟ್ಲೆಂಡಿನ ಡಾಕ್ಟ್ರು, ಟಿಪ್ಪು ಸತ್ತ ಮಾರನೇ ವರ್ಷ 1800ರಲ್ಲಿ ಏಪ್ರಿಲ್ 23ಕ್ಕೆ ಮದರಾಸ್ ಬಿಟ್ಟು ಮೈಸೂರು ಸೀಮೆ ಪೂರ್ತಿ ಸುತ್ತಿದ. ಯಾವ ಊರಲ್ಲಿ ಯಾವ ಬೆಳೆ, ಕಂಬಳಿ ಹೆಂಗೆ ನೇಯ್ತಾರೆ ಅಂತ ದಿನದ ಲೆಕ್ಕದಲ್ಲಿ ಬರೆದಿಟ್ಟ, ಅದು 1807ರಲ್ಲಿ ಲಂಡನ್ನಲ್ಲಿ ಮೂರು ಸಂಪುಟ ಆಗಿ ಅಚ್ಚಾಯ್ತು. ಮಧುಗಿರಿ ಕಡೆ ಕರೀ ಮರಳು ಕಾಯಿಸಿ ಕಬ್ಬಿಣ ತೆಗೆಯೋದನ್ನೂ ಬಿಟ್ಟಿಲ್ಲ ಆ ಪುಣ್ಯಾತ್ಮ. ಉಕ್ಕು ಮಾಡೋವಾಗ ಮೂಸೆ ಒಳಗೆ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಹಾಕ್ತಾರೆ ಅನ್ನೋದನ್ನ ಕೂಡ ಬರ್ಕೊಂಡಿದ್ದಾನೆ. ಚಿಕ್ಕಬಳ್ಳಾಪುರದೋರಿಗೆ ನಂದಿ ಬೆಟ್ಟ ಇದ್ದೇ ಇದೆ, 1791ರ ಅಕ್ಟೋಬರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಆ ಕೋಟೆ ಹತ್ತಿದಾಗ ಕೆಳಗೆ ನಿಂತು ನಕ್ಷೆ ಬರೀತಿದ್ದೋನೊಬ್ಬನನ್ನ ಕಲ್ಪಿಸ್ಕೊಳ್ಳಿ.

ನಾನು ಕೋಲಾರದೋನು, ಹಂಗಾಗಿ ನನಗೆ ಚಿನ್ನನೇ ಬೇಕಿತ್ತು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋನು ಮೈಸೂರು ಸೀಮೆಯ ಪೂರ್ವದ ಗಡಿ ಸರ್ವೇ ಮಾಡ್ತಾ ಈ ಕಡೆ ಬಂದಾಗ, ಇಲ್ಲಿ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಮಾತು ಕಿವಿಗೆ ಬಿತ್ತು, ತೋರಿಸಿದೋರಿಗೆ ಇನಾಮು ಕೊಡ್ತೀನಿ ಅಂದ. ಉರಿಗಾಂ ಊರಿನೋರು ಎತ್ತಿನ ಗಾಡೀಲಿ ಮಣ್ಣು ತುಂಬ್ಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿ ತೋರಿಸಿದ್ರು ಅಂತ ಕತೆ. ಆಮೇಲೆ ಮಾರಿಕುಪ್ಪದ ಹತ್ರ ಜನ ಇಳಿದು ಕೆಲಸ ಮಾಡ್ತಿದ್ದ ಗುಂಡಿಗಳನ್ನೂ ನೋಡಿ ವರದಿ ಬರೆದ.

ಆದ್ರೆ ವಾರನ್ ಹೆಸರಲ್ಲೇ ಡೈರಿ ಬರೆಯೋಕೆ ನನಗೆ ಮನಸ್ಸು ಬರ್ಲಿಲ್ಲ. ನಿಜವಾಗ್ಲೂ ಬದುಕಿದ್ದೋನು, ಅವನ ಬಾಯಿಗೆ ನಮ್ಮ ಮಾತು ತುರುಕೋದು ಒಂಥರಾ ಅಲ್ವಾ. ಅದಕ್ಕೆ ಅವನ ಪಕ್ಕದಲ್ಲಿ ಒಬ್ಬನನ್ನ ನಿಲ್ಲಿಸ್ದೆ, ಹದಿನೆಂಟು ವರ್ಷದ ಅಸಿಸ್ಟೆಂಟ್ ಸರ್ವೇಯರ್. ಇಂಥೋರು ನಿಜವಾಗ್ಲೂ ಇದ್ರು, 1794ರಲ್ಲಿ ಮದರಾಸಲ್ಲಿ ಒಂದು ಸರ್ವೇ ಸ್ಕೂಲ್ ಶುರುವಾಗಿತ್ತು, ಅಲ್ಲಿನ ಅನಾಥಾಲಯದ ಹುಡುಗ್ರನ್ನ ಕರ್ಕೊಂಡು ಬಂದು ಅಳತೆ, ನಕ್ಷೆ ಕಲಿಸ್ತಿದ್ರು. ಅಪ್ಪ ಬಿಳೀ ಸೋಲ್ಜರು, ಅಮ್ಮ ಇಲ್ಲಿಯೋಳು, ಆ ಥರದ ಹುಡುಗ್ರೇ ಜಾಸ್ತಿ. ನಮ್ಮ ಹುಡುಗನಿಗೆ ಇಂಗ್ಲಿಷ್ ಬರುತ್ತೆ, ತಮಿಳು ಬರುತ್ತೆ, ತೆಲುಗು ತೊದಲ್ತಾನೆ, ಕನ್ನಡ ಒಂದಕ್ಷರ ಬರಲ್ಲ. ಕೋಲಾರ ಸೀಮೇಲಿ ಒಂದು ಜಗಲಿ ಮೇಲೆ ಮೂರು ಭಾಷೆ ಒಟ್ಟಿಗೆ ಓಡಾಡೋದು ಇವತ್ತಿಗೂ ಇದೆ, ಹಂಗಾಗಿ ಅವನಿಗೆ ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಡೈರಿಗೆ ಇದಕ್ಕಿಂತ ಒಳ್ಳೇ ಕಿವಿ ಬೇಕಾ. ನೀವೂ ಹಂಗೇ ಮಾಡಿ, ದೊಡ್ಡ ಹೆಸರಿನ ಪಕ್ಕ ಒಬ್ಬ ಅಡುಗೆಯೋನೋ ದುಭಾಷಿನೋ ಸರಪಳಿ ಹಿಡಿಯೋನೋ ನಿಂತಿರ್ತಾನೆ, ಅವನನ್ನ ಹಿಡ್ಕೊಳ್ಳಿ.

ಈಗ ಕಷ್ಟದ ಕೆಲಸ. ಅವನಿಗೆ ಗೊತ್ತಿಲ್ಲದ್ದನ್ನೆಲ್ಲ ನೀವು ಮರೀಬೇಕು. ನಾನು ಒಂದು ಹಾಳೆ ತಗೊಂಡು ಗೆರೆ ಎಳೆದು ಎಡಕ್ಕೆ "ಇನ್ನೂ ಇಲ್ಲ" ಅಂತ ಬರ್ಕೊಂಡೆ, ಒಂದು ವಾರ ಆ ಪಟ್ಟಿ ಬೆಳೀತಾನೇ ಹೋಯ್ತು. ಕೆಜಿಎಫ್ ಅನ್ನೋ ಊರೇ ಇಲ್ಲ. ಬಂಗಾರಪೇಟೆ ಇಲ್ಲ, ರೈಲಿಲ್ಲ. ರೋಡ್ ಪಕ್ಕ ಉದ್ದಕ್ಕೂ ಕಾಣೋ ನೀಲಗಿರಿ ತೋಪಿಲ್ಲ. ಕಾಂಗ್ರೆಸ್ ಗಿಡ ಇಲ್ಲ, ಬೇಲಿ ತುಂಬಾ ಹಬ್ಬಿರೋ ಲಾಂಟಾನ ಕೂಡ ಆಗಿನ್ನೂ ಈ ಕಡೆ ಬಂದಿರ್ಲಿಲ್ಲ, ಇದು ಗೊತ್ತಾಗೋ ಮುಂಚೆ ನಾನು ಮೂರು ಜಾಗದಲ್ಲಿ ಅವನ ಅಂಗಿ ಲಾಂಟಾನಕ್ಕೆ ಸಿಕ್ಕಿ ಹರ್ದಿತ್ತು ಅಂತ ಬರೆದಿದ್ದೆ, ಎಲ್ಲಾ ಕಾರೆಮುಳ್ಳಿಗೆ ಬದಲಾಯಿಸ್ದೆ. ಹೊಲದಲ್ಲಿ ಟೊಮೇಟೊ ಇಲ್ಲ, ನಮ್ಮ ಮಂಡಿ ನೋಡಿದೋರಿಗೆ ಇದನ್ನ ನಂಬೋದೇ ಕಷ್ಟ. ಊರಿಗೆ ಬಂದ ನೆಂಟ್ರಿಗೆ ಟೀ ಕೊಡೋ ಹಂಗಿಲ್ಲ, ಮಜ್ಜಿಗೆ ಕೊಡಿ.

ಅದಕ್ಕಿಂತ ಮುಖ್ಯ ಅಂದ್ರೆ ಮುಂದೆ ಏನಾಗುತ್ತೆ ಅನ್ನೋದು. ಈ ಗುಂಡಿ ಒಂದಿನ 3 ಕಿಲೋಮೀಟರಿಗಿಂತ ಆಳ ಹೋಗುತ್ತೆ, 1902ರಲ್ಲಿ ಶಿವನಸಮುದ್ರದಿಂದ ಇಲ್ಲೀವರೆಗೂ ಕರೆಂಟ್ ಬರುತ್ತೆ, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕುತ್ತೆ ಅನ್ನೋದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ವಾರನ್ ವರದಿ ಧೂಳು ತಿಂತಾ ಬಿದ್ದಿದ್ದು, 1871ರಲ್ಲಿ ಲವೆಲ್ ಅನ್ನೋ ಐರಿಷ್ ಸೋಲ್ಜರು ಅದನ್ನ ಓದಿ ಬೆಂಗಳೂರಿಂದ ಎತ್ತಿನ ಗಾಡಿ ಕಟ್ಕೊಂಡು ಬಂದ, ಇದೂ ಅವನಿಗೆ ಗೊತ್ತಿಲ್ಲ. ನಿಮ್ಮ ಕೈ ತುರಿಸುತ್ತೆ, "ಮುಂದೊಂದು ದಿನ ಈ ಮಣ್ಣು ಜಗತ್ಪ್ರಸಿದ್ಧವಾಗಬಹುದೇನೋ" ಅಂತ ಒಂದು ಸಾಲು ಹಾಕೋಣ ಅನ್ಸುತ್ತೆ. ಹಾಕ್ಬೇಡಿ. ಆ ಸಾಲು ಬಂದ ತಕ್ಷಣ ಹುಡುಗ ಸತ್ತೋದ, ನೀವು ಮಾತಾಡ್ತಿದ್ದೀರ.

ಗೊತ್ತಿಲ್ಲದ್ದರಷ್ಟೇ ಗೊತ್ತಿರೋದೂ ಲೆಕ್ಕ. ನಾನಿಲ್ಲಿ ಒಂದ್ಸಲ ಬಿದ್ದೆ. ಮಾರ್ಚ್ ತಿಂಗಳು ಅಂತ ಇಟ್ಕೊಂಡಿದ್ದೆ, ಹುಣಸೇಹಣ್ಣು ಬಡಿಯೋ ಕಾಲ, ಊರೋರು ಒಂದು ಹಣ್ಣು ಕೊಟ್ರು, ಇವನು ಬಾಯಿಗಿಟ್ಟು ಹುಳಿಗೆ ಕಣ್ಮುಚ್ಚಿದ, ಎಲ್ರೂ ನಕ್ರು ಅಂತ ಬರೆದು ಬೆನ್ನು ತಟ್ಕೊಂಡೆ. ನಮ್ಮಕ್ಕನ ಮಗ ಓದಿ, ಮಾವ ಮದರಾಸಲ್ಲಿ ಹುಣಸೆಹಣ್ಣು ಇರ್ಲಿಲ್ವಾ ಅಂದ. ರಸಂ ಕುಡ್ಕೊಂಡು ಬೆಳೆದೋನಿಗೆ ಹುಣಸೆ ಹೊಸದಾಗಿ ಕಾಣ್ಸಿದ್ದೆ ನಾನು! ಹೊರಗಿಂದ ಬಂದೋರೆಲ್ಲ ಒಂದೇ ಥರ ಅಂದ್ಕೊಂಡ್ರೆ ಹಿಂಗೇ ಆಗೋದು.

ಅವನಿಗೆ ನಿಜವಾಗ್ಲೂ ಹೊಸದು ಯಾವುದು ಅಂತ ಯೋಚ್ನೆ ಮಾಡ್ದಾಗ ಮುದ್ದೆ ಸಿಕ್ತು. ಅನಾಥಾಲಯದಲ್ಲಿ ಅನ್ನ ತಿಂದ್ಕೊಂಡಿದ್ದೋನು. ಇಲ್ಲಿ ಇನ್ನೊಂದು ಕಷ್ಟ ನೋಡಿ, ಅವನಿಗೆ ಹೊಸದು ಸರಿ, ನನಗೆ ಹುಟ್ಟಿದಾಗಿಂದ ಗೊತ್ತು. ಮುದ್ದೆ ಅನ್ನೋ ಪದಾನೇ ಬಳಸ್ದೆ ಮುದ್ದೇನ ಬರೀಬೇಕು. ಮೂರು ದಿನ ಊಟಕ್ಕೆ ಕೂತಾಗೆಲ್ಲ ತಟ್ಟೆ ದಿಟ್ಟಿಸಿ ನೋಡ್ತಿದ್ದೆ, ನಮ್ಮನೇಲಿ ಯಾಕೆ ಬೇಯ್ದಿಲ್ವಾ ಅಂತ ಕೇಳಿದ್ರು. ಕೊನೆಗೆ ಬಂದಿದ್ದು ಇಷ್ಟು:

"ಮಾರ್ಚ್ 9, 1802, ಮಂಗಳವಾರ. 8 ಮೈಲಿ 3 ಫರ್ಲಾಂಗು. ಚಕ್ರದ ಕಡಾಣಿ ಎರಡು ಸಲ ಕಳಚಿತು, ಕೊನೇ ಫರ್ಲಾಂಗು ನಂಬುವ ಹಾಗಿಲ್ಲ. ಎಡಕ್ಕೆ ಕೆರೆ, ನೀರು ಅರ್ಧಕ್ಕಿಂತ ಕಮ್ಮಿ. ಹೊಲಗಳೆಲ್ಲ ಖಾಲಿ. ರಾತ್ರಿ ಊರಿನವರು ಎಲೆ ಮೇಲೆ ಒಂದು ಉಂಡೆ ಇಟ್ಟರು, ಕ್ರಿಕೆಟ್ ಚೆಂಡಿನಷ್ಟಿದೆ, ಬಣ್ಣ ಒದ್ದೆ ಮಣ್ಣಿನದು, ಮುಟ್ಟಿದರೆ ಬೆರಳು ಸುಡುತ್ತದೆ. ಜಗಿದೆ. ಜಗಿದಷ್ಟೂ ಹಲ್ಲಿಗೆ ಮೆತ್ತಿಕೊಂಡಿತು. ಎದುರು ಕೂತಿದ್ದ ಚಿಕ್ಕ ಹುಡುಗಿ ಬಾಯಿ ಮುಚ್ಚಿಕೊಂಡು ತನ್ನ ಗಂಟಲ ಮೇಲೆ ಬೆರಳು ಇಳಿಸಿ ತೋರಿಸಿದಳು. ನುಂಗಿದೆ. ಬೆಳಗಿನವರೆಗೂ ಹಸಿವಾಗಲಿಲ್ಲ."

ಇದ್ರಲ್ಲಿ ನಾಕೈದು ವಿಷಯ ಹೇಳ್ತೀನಿ. ತಾರೀಕಿಗೆ ವಾರ ಸರಿಯಾಗಿರ್ಬೇಕು, ಮೊಬೈಲ್ ಕ್ಯಾಲೆಂಡರಲ್ಲಿ ಹಿಂದಕ್ಕೆ ಹೋದ್ರೆ ಸಿಗುತ್ತೆ, 1802 ಮಾರ್ಚ್ 9 ಮಂಗಳವಾರನೇ. ಕಾಲ ಸರಿಯಾಗಿರ್ಬೇಕು, ಮಾರ್ಚಲ್ಲಿ ರಾಗಿ ಹೊಲ ಹಸಿರಾಗಿ ತೂಗ್ತಿತ್ತು ಅಂತ ಬರೆದ್ರೆ ನಮ್ಮ ಕಡೆ ಯಾವ ಅಜ್ಜಿನೂ ಒಪ್ಪಲ್ಲ, ಕಣ ಮುಗಿದು ಎಷ್ಟು ದಿನ ಆಯ್ತು. ಮೊದಲ ಸಾಲಲ್ಲಿ ದೂರ ಇದೆ ಯಾಕಂದ್ರೆ ಅವನ ಸಂಬಳ ಅದಕ್ಕೇ, ಒಂದು ದೊಡ್ಡ ಚಕ್ರ ತಳ್ಕೊಂಡು ಹೋಗಿ ಎಷ್ಟು ಸುತ್ತು ಸುತ್ತಿತು ಅಂತ ಲೆಕ್ಕ ಹಾಕಿ ರಸ್ತೆ ಅಳೀತಿದ್ರು. ಅದೊಂಥರಾ ಪೂಜೆ ಮಾಡೋರು ಸಂಕಲ್ಪ ಹೇಳ್ದಂಗೆ, ಅದು ಹೇಳ್ದೆ ಮುಂದಕ್ಕೆ ಹೋಗಲ್ಲ. ಇನ್ನು ಆ ಕ್ರಿಕೆಟ್ ಚೆಂಡು. ಆಗ ಇಂಗ್ಲಿಷ್‌ನೋರು ಕ್ರಿಕೆಟ್ ಆಡ್ತಿದ್ರು, ತಪ್ಪಿಲ್ಲ, ಆದ್ರೂ ಓದೋರಿಗೆ ಚಿನ್ನಸ್ವಾಮಿ ಸ್ಟೇಡಿಯಂ ನೆನಪಾಗುತ್ತೆ ಅಂತ ಆಮೇಲೆ ತೆಗೆದು "ಸಣ್ಣ ಫಿರಂಗಿ ಗುಂಡಿನಷ್ಟಿದೆ" ಅಂತ ಮಾಡ್ದೆ. ಸೋಲ್ಜರ್ ಮಗನಿಗೆ ಅದೇ ಸರಿ.

ಅಳತೆ ಬಗ್ಗೆ ಇನ್ನೊಂದೆರಡು ಮಾತು, ಇದು ನನಗೆ ಇಷ್ಟದ ವಿಷಯ. ಕಿಲೋಮೀಟರ್ ಬರೀಬೇಡಿ, ಅವನದ್ದು ಮೈಲಿ, ಫರ್ಲಾಂಗು, ಊರೋರದ್ದು ಹರದಾರಿ, ಒಂದು ಹರದಾರಿ ಅಂದ್ರೆ ಸುಮಾರು 3 ಮೈಲಿ. ಇವನು ಎಷ್ಟು ದೂರ ಅಂತ ಕೇಳ್ತಾನೆ, ಅವರು ಒಂದು ಹರದಾರಿ ಅಂತಾರೆ, ನಡೆದ್ರೆ ಐದು ಮೈಲಿ ಆಗುತ್ತೆ, ಇದನ್ನ ನೀವು ಎಷ್ಟು ಸಲ ಬೇಕಾದ್ರೂ ಬಳಸ್ಬೋದು. ಸರ್ವೇ ಸರಪಳಿ 66 ಅಡಿ, 100 ಕೊಂಡಿ, 80 ಸರಪಳಿಗೆ ಒಂದು ಮೈಲಿ. ನಮ್ಮ ಗುಂಟೆ ಇದೆಯಲ್ಲ, 33 ಅಡಿ ಉದ್ದ 33 ಅಡಿ ಅಗಲ, ಅದರ ಒಂದು ಬದಿ ಆ ಸರಪಳಿಯ ಸರಿಯಾಗಿ ಅರ್ಧ. ಹೋದ ವರ್ಷ ನಮ್ಮ ಜಮೀನು ಹಿಸ್ಸೆ ಮಾಡೋಕೆ ಸರ್ವೇಯರ್ ಬಂದಿದ್ರು, ಅಕ್ಕಪಕ್ಕದ ಹೊಲದೋರೆಲ್ಲ ಕೆಲಸ ಬಿಟ್ಟು ಬದು ಮೇಲೆ ನಿಂತು ಒಂದು ಮಾತೂ ಆಡ್ದೆ ಆ ಸರಪಳಿ ತುದೀನೇ ನೋಡ್ತಿದ್ರು, ನಮ್ಮ ಚಿಕ್ಕಪ್ಪ ಒಬ್ರು ಕಲ್ಲಿನ ಮೇಲೆ ಕಾಲಿಟ್ಕೊಂಡು ಅಲ್ಲಾಡ್ಲಿಲ್ಲ. ಆ ನೋಟಾನ ಎತ್ಕೊಂಡು ಹೋಗಿ 1802ರಲ್ಲಿ ಇಟ್ಟೆ. ಟಿಪ್ಪು ಹೋಗಿ ಮೂರು ವರ್ಷ ಆಗಿಲ್ಲ, ದಿವಾನ್ ಪೂರ್ಣಯ್ಯನವರ ಕಾಲ, ಅಳೆಯೋಕೆ ಬಂದೋರು ಅಂದ್ರೆ ಕಂದಾಯ ಏರ್ಸೋಕೆ ಬಂದೋರು ಅಂತಲ್ವಾ ರೈತ ಅಂದ್ಕೊಳ್ಳೋದು. ನಮ್ಮ ಹುಡುಗ ಡೈರೀಲಿ "ಇಲ್ಲಿನ ಜನ ಮಾತು ಕಮ್ಮಿ" ಅಂತ ಬರ್ಕೊಂಡ. ಪಾಪ, ಅವನಿಗೆ ಅಷ್ಟೇ ಕಂಡಿದ್ದು.

ಇದೇ ಜಾಗದಲ್ಲಿ ಜನ ಜಾಸ್ತಿ ಎಡವೋದು. ಆ ಕಾಲದ ಪ್ರವಾಸಿಗಳ ಬರಹ ಓದಿದ್ರೆ ನಮ್ಮೋರ ಬಗ್ಗೆ ಮೈ ಉರಿಯೋ ಮಾತು ಇರುತ್ತೆ, ಸೋಮಾರಿಗಳು, ಮೂಢರು, ಸುಳ್ಳರು ಅಂತೆಲ್ಲ. ಬರೆಯೋವಾಗ ಕೆಲವರು ಅದನ್ನೆಲ್ಲ ಒರೆಸಿ ಅವನನ್ನ ಒಳ್ಳೇ ಹುಡುಗ ಮಾಡ್ಬಿಡ್ತಾರೆ, ಇನ್ನು ಕೆಲವರು ಅವನ ಬಾಯಲ್ಲೇ "ನಾವು ಬಿಳಿಯರು ಎಂಥ ಅನ್ಯಾಯ ಮಾಡುತ್ತಿದ್ದೇವೆ" ಅಂತ ಭಾಷಣ ಮಾಡಿಸ್ತಾರೆ. ಎರಡೂ ಸುಳ್ಳು. ಅವನ ತಪ್ಪನ್ನ ಅವನ ಹತ್ರಾನೇ ಇರೋಕೆ ಬಿಡಿ, ಆದ್ರೆ ಅದೇ ದಿನದ ಡೈರೀಲಿ ಅದನ್ನ ಸುಳ್ಳು ಮಾಡೋ ಒಂದು ನೋಟಾನೂ ಇಡಿ, ಅವನಿಗೇ ಗೊತ್ತಾಗ್ದಂಗೆ. ಮಾರಿಕುಪ್ಪದ ದಿನ ನಾನು ಮಾಡಿದ್ದು ಹಿಂಗೆ:

"ಮಾರ್ಚ್ 11, ಗುರುವಾರ. ಈ ಜನಕ್ಕೆ ದುಡಿಯುವ ಅಭ್ಯಾಸವಿಲ್ಲ, ಮಧ್ಯಾಹ್ನ ಮರದ ಕೆಳಗೆ ಮಲಗಿದ್ದರು. ಲೆಫ್ಟಿನೆಂಟರು ಗುಂಡಿ ನೋಡಬೇಕೆಂದರು. ಒಂದು 30 ಅಡಿ, ಇನ್ನೊಂದು 45 ಅಡಿ ಆಳ. ಒಳಗೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ನಾನು 10 ಅಡಿ ಇಳಿದು ಮೇಲೆ ಬಂದೆ, ದೀಪದ ಹೊಗೆ. ಅವರು ಒಬ್ಬರ ಮೇಲೊಬ್ಬರು ನಿಂತು ಕಲ್ಲಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಮಾತಿಲ್ಲ, ಬುಟ್ಟಿ ಒಂದು ಸಲವೂ ನಿಲ್ಲಲಿಲ್ಲ. ಮೇಲೆ ಹೆಂಗಸರು ಬಂಡೆಯ ಮೇಲೆ ಕಲ್ಲು ಕುಟ್ಟಿ ಹಿಟ್ಟು ಮಾಡುತ್ತಾರೆ. ಬುಟ್ಟಿ ಎಣಿಸೋಣವೆಂದು ಕೂತೆ, 60 ಆದ ಮೇಲೆ ಬಿಸಿಲಿಗೆ ತಲೆ ಸುತ್ತಿ ಡೇರೆಗೆ ಹೋಗಿ ಮಲಗಿದೆ."

ಯಾರು ಮಲಗಿದ್ದು ಅಂತ ನಾನು ಹೇಳ್ಬೇಕಾಗಿಲ್ಲ. ಆ ಗುಂಡಿಗಳ ಆಳ, ಕೈಯಿಂದ ಕೈಗೆ ಹೋಗೋ ಬುಟ್ಟಿ, ಹೆಂಗಸರು ಕುಟ್ಟೋದು ಇವೆಲ್ಲ ವಾರನ್ ವರದೀಲಿರೋ ವಿವರಗಳೇ, 60 ಬುಟ್ಟಿ ಮಾತ್ರ ನನ್ನ ಕಲ್ಪನೆ. ನಿಜದ ವಿವರ ಒಂದು ಕಂಬ ಥರ ನೆಟ್ಟು ನಿಮ್ಮದನ್ನ ಅದಕ್ಕೆ ಬಳ್ಳಿ ಥರ ಹಬ್ಬಿಸಿ, ಆದ್ರೆ ಯಾವುದು ಕಂಬ ಯಾವುದು ಬಳ್ಳಿ ಅಂತ ನಿಮ್ಮ ನೋಟ್‌ಬುಕ್ಕಲ್ಲಿ ಬೇರೆ ಬೇರೆ ಇಂಕಲ್ಲಿ ಗುರುತಿಟ್ಕೊಳ್ಳಿ, ಆರು ತಿಂಗಳಾದ್ಮೇಲೆ ನೀವೇ ಕಟ್ಟಿದ್ದನ್ನ ನೀವೇ ಇತಿಹಾಸ ಅಂತ ನಂಬ್ಬಿಡ್ತೀರ, ನನಗಾಗಿದೆ.

ಭಾಷೆ. ನಾಟಕದ ಕನ್ನಡ ಬೇಡ. "ನಾನು ಇಂದು ಪ್ರಾತಃಕಾಲದಲ್ಲಿ ಎದ್ದು" ಅಂತ ಯಾರೂ ದಣಿದ ಕೈಯಲ್ಲಿ ಬರೆಯಲ್ಲ. ಹಂಗಂತ ಈಗ ನಾನು ಬರೀತಿರೋ ಥರಾನೂ ಬೇಡ, ಅವನು ಕಂಪನಿ ನೌಕರ, ಡೈರಿನ ದೊಡ್ಡೋರು ನೋಡ್ಬೋದು ಅನ್ನೋ ಭಯ ಇರುತ್ತೆ. ಚಿಕ್ಕ ಚಿಕ್ಕ ವಾಕ್ಯ, ಮರ್ಯಾದೆಯಾಗಿ. ಊರ ಹೆಸರನ್ನ ಅವನಿಗೆ ಕೇಳ್ಸಿದಂಗೆ ಬರೀರಿ, ಮೊದಲ ದಿನ ಒಂಥರಾ, ನಾಲ್ಕನೇ ದಿನ ಇನ್ನೊಂಥರಾ, ಅವನ ಕಿವಿ ಪಳಗ್ತಾ ಬರೋದು ಅದ್ರಲ್ಲೇ ಗೊತ್ತಾಗ್ಲಿ.

ಎಲ್ಲಾ ದಿನಾನೂ ಒಂದೇ ಉದ್ದ ಇರಬಾರದು. ಜ್ವರ ಬಂದ ದಿನ "ಜ್ವರ" ಅಂತ ಒಂದೇ ಪದ. ಮಾರನೇ ದಿನ ಅದೂ ಇಲ್ಲ, ತಾರೀಕು ಮಾತ್ರ. ಆಮೇಲೆ ಖರ್ಚಿನ ಲೆಕ್ಕ, ದೀಪದೆಣ್ಣೆಗೆ ಇಷ್ಟು ಹಣ, ಎತ್ತಿನ ಲಾಳಕ್ಕೆ ಇಷ್ಟು, ರೂಪಾಯಿ ಪೈಸೆ ಅಲ್ಲ, ಹಣ, ವರಹ ಅನ್ನೋ ಆಗಿನ ನಾಣ್ಯ. ಸುದ್ದಿ ಕೂಡ ನಿಧಾನ ಬರ್ಬೇಕು. ಅದೇ ವರ್ಷ ಏಪ್ರಿಲ್ 10ಕ್ಕೆ ಮದರಾಸಲ್ಲಿ ಲ್ಯಾಂಬ್ಟನ್ ಅನ್ನೋ ಇಂಗ್ಲಿಷ್ ಅಧಿಕಾರಿ ಏಳೂವರೆ ಮೈಲಿ ಉದ್ದದ ಗೆರೆ ಅಳೆಯೋಕೆ ಶುರು ಮಾಡಿದ, ಇಡೀ ಇಂಡಿಯಾ ಅಳೆದ ದೊಡ್ಡ ಸರ್ವೇ ಹುಟ್ಟಿದ್ದು ಅಲ್ಲಿಂದ. ನಮ್ಮ ಹುಡುಗನಿಗೆ ಆವತ್ತು ಅದು ಗೊತ್ತಾಗಲ್ಲ, ಆವತ್ತು ಅವನು ಶನಿವಾರದ ಸಂತೇಲಿ ಚಪ್ಪಲಿ ಹೊಲಿಸ್ತಿರ್ತಾನೆ, ಸುಮಾರು ದಿನ ಬಿಟ್ಟು ಜೊತೇಲಿ ಓದಿದ ಗೆಳೆಯನ ಕಾಗದ ಬರುತ್ತೆ, ಬಿಸಿಲಲ್ಲಿ ಸರಪಳಿ ಎಳೆದು ಎಳೆದು ಸಾಕಾಯ್ತು ಕಣೋ ಅಂತ. ಅಷ್ಟೇ. ದೊಡ್ಡ ಸರ್ವೇ ಗಿರ್ವೇ ಏನೂ ಇಲ್ಲ.

ಬರೆದಾದ್ಮೇಲೆ ಆ ಜಾಗಕ್ಕೆ ಒಂದ್ಸಲ ಹೋಗಿ ಬನ್ನಿ, ಆಗ್ಲಿಲ್ಲ ಅಂದ್ರೆ ಹತ್ರದ ಯಾವುದಾದ್ರೂ ಬೆಟ್ಟ ಹತ್ತಿ. ನಾನು ಅಂತರಗಂಗೆ ಬೆಟ್ಟಕ್ಕೆ ಹೋಗಿ ಬಸವನ ಬಾಯಿಂದ ನೀರು ಬೀಳೋ ಜಾಗ ದಾಟಿ ಮೇಲೆ ಬಂಡೆ ಮೇಲೆ ಕೂತು, ಮೊಬೈಲ್ ಟವರು, ಲೇಔಟು, ಫ್ಯಾಕ್ಟ್ರಿ ಶೆಡ್ಡು ಒಂದೊಂದೇ ಕಣ್ಣಲ್ಲಿ ಅಳಿಸ್ತಾ ಬಂದೆ. ಉಳಿದಿದ್ದು ಗುಡ್ಡ, ಕೆರೆ ಏರಿ, ಅಲ್ಲಲ್ಲಿ ಹುಣಸೆ ಮರ. ಅದು ಅವನ ಕೋಲಾರ.

ಕೊನೇದಾಗಿ, ಓದು ಬರದೋರಿಗೆ ಓದಿ ಹೇಳಿ. ನಾನು ನಮ್ಮಮ್ಮನಿಗೆ ಓದಿದೆ, ಅವರು ಹುಣಸೆಹಣ್ಣಿಂದ ಬೀಜ ಬಿಡಿಸ್ತಾ ಕೂತಿದ್ರು. ಚಿನ್ನದ ವಿಷ್ಯ ಬಂದಾಗ ತಲೆನೂ ಎತ್ತಲಿಲ್ಲ. ಪೂರ್ತಿ ಕೇಳಿ, "ಅಲ್ವೋ, ಮೂರು ದಿನದಿಂದ ಆ ಮಗು ಬಿಸಿಲಲ್ಲಿ ತಿರುಗ್ತೈತೆ, ನೀರೆಲ್ಲಿ ಕುಡೀತು?" ಅಂದ್ರು.

ನಾನು ಎಲ್ಲೂ ಬರೆದಿರ್ಲಿಲ್ಲ. ಹೊಳೆ ಇಲ್ದಿರೋ ಸೀಮೇಲಿ ನೀರು ಎಲ್ಲಿಂದ ಬಂತು, ಯಾರ ಬಾವಿ, ಅಪ್ಪನ ಜಾತಿ ಗೊತ್ತಿಲ್ಲದೋನಿಗೆ ಯಾರು ಸೇದಿ ಕೊಡ್ತಾರೆ, ಒಂದೂ ಯೋಚ್ನೆ ಮಾಡಿರ್ಲಿಲ್ಲ. ಅವತ್ತು ರಾತ್ರಿ ಕೂತು ಮಂಗಳವಾರದ ಕೊನೇಲಿ ಒಂದಿಷ್ಟು ಸೇರಿಸ್ದೆ:

"ಬಾವಿ ಕಟ್ಟೆ ಹತ್ತಬೇಡ ಎಂದು ಕೈ ಅಡ್ಡ ಮಾಡಿದರು. ಕೆಳಗೆ ಕುಕ್ಕರುಗಾಲಲ್ಲಿ ಕೂರಿಸಿ ಬೊಗಸೆ ಹಿಡಿ ಎಂದರು. ಒಬ್ಬ ಮುದುಕಿ ಮೇಲಿಂದ ಬಿಂದಿಗೆ ಬಗ್ಗಿಸಿದಳು, ಮುಖವೆಲ್ಲ ಒದ್ದೆ, ತೋಳಿನಿಂದ ಮೊಣಕೈಗೆ ಇಳಿದು ಅಂಗಿಯೊಳಗೆ ಹೋಯಿತು. ಸಾಕು ಎನ್ನಲು ಈ ಭಾಷೆಯ ಮಾತು ಗೊತ್ತಿಲ್ಲ, ಬಿಂದಿಗೆ ಖಾಲಿಯಾಗುವವರೆಗೆ ಕುಡಿದೆ."